ಯೋಹಾನನ ಹೆಸರು ಬಿಟ್ಟ ಪ್ರಾರ್ಥನೆ

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ನಮ್ಮ ಸಭೆಯಲ್ಲೇ ಯಾರಾದರೂ ದರ್ಶನವಾಯಿತು, ದನಿ ಕೇಳಿಸಿತು ಎಂದು ಶುರು ಮಾಡಿದರೆ, ರಾತ್ರಿ ಏನು ತಿಂದಿದ್ದಿರಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ದೇವರನ್ನು ನಂಬುತ್ತಿದ್ದೆ, ಅದು ಬೇರೆ ಮಾತು. ಮೂರು ತಲೆಮಾರಿನ ಕ್ರೈಸ್ತ ಮನೆತನ ನಮ್ಮದು. ಮಗ್ಗಿ ಬರುವ ಮೊದಲೇ ಕರ್ತನ ಪ್ರಾರ್ಥನೆ ಬಾಯಿಗೆ ಬಂದವನು ನಾನು. ಈಗ ನಾನು ಹೇಳುವುದನ್ನು ಕೇಳಿ ನೀವೂ ನನ್ನನ್ನು ಅದೇ ಪ್ರಶ್ನೆ ಕೇಳಬಹುದು. ಕೇಳಿ, ಬೇಜಾರಿಲ್ಲ. ಅದು ನಡೆದದ್ದು ಹಾಡಹಗಲಲ್ಲಿ, ಬರಿಹೊಟ್ಟೆಯಲ್ಲಿ.

ಆಗ ಮಹಾರಾಜರ ಕಾಲ. ನಾನು ಮಧುಗಿರಿಯ ಮಿಷನ್ ಶಾಲೆಯಲ್ಲಿ ಮೇಷ್ಟರಾಗಿದ್ದೆ. ಭಾನುವಾರ ಅದೇ ಶಾಲೆ ನಮಗೆ ದೇವಾಲಯ. ಬೆಂಚುಗಳನ್ನು ಗೋಡೆಗೆ ಒತ್ತರಿಸಿ ಚಾಪೆ ಹಾಸುತ್ತಿದ್ದೆವು. ಹನ್ನೊಂದು ಮನೆಗಳ ಪುಟ್ಟ ಸಭೆ. ನಮ್ಮನ್ನು ನೋಡಿಕೊಳ್ಳುತ್ತಿದ್ದ ಪಾದ್ರಿ ಅಯ್ಯನವರಿಗೆ ಆ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ವರ್ಗವಾಯಿತು. ಹೊಸಬರು ಕ್ರಿಸ್‌ಮಸ್ಸಿಗೆ ಬರುತ್ತಾರೆ, ಅಲ್ಲಿಯವರೆಗೆ ಕಾದಿರಿ ಎಂದು ತುಮಕೂರಿನಿಂದ ಕಾಗದ ಬಂತು. ಅವರು ಬಂದ ಮೇಲೆ ಸಭೆಯವರೇ ತಮ್ಮಲ್ಲೊಬ್ಬನನ್ನು ಉಪದೇಶಿಯಾಗಿ ಆರಿಸಬೇಕು, ಸುತ್ತಲ ಹಳ್ಳಿಗಳಲ್ಲಿ ಬೋಧನೆ ಮಾಡುವುದು ಅವನ ಕೆಲಸ ಎಂದೂ ಅದರಲ್ಲಿತ್ತು. ಆ ಕೆಲಸದ ಮೇಲೆ ನನಗೆ ಬಹಳ ವರ್ಷಗಳಿಂದ ಕಣ್ಣು.

ಹೋಗುವಾಗ ಅಯ್ಯನವರು ಒಂದು ಎಡವಟ್ಟು ಮಾಡಿ ಹೋದರು. ಹೊಸಬರು ಬರುವವರೆಗೆ ಒಂದು ಭಾನುವಾರ ನಾನು, ಒಂದು ಭಾನುವಾರ ಯೋಹಾನ ಆರಾಧನೆ ನಡೆಸಬೇಕು ಎಂದುಬಿಟ್ಟರು. ಯೋಹಾನ ಐ.ಡಿ.ಹಳ್ಳಿ ಕಡೆಯ ಒಂದು ಹಟ್ಟಿಯಲ್ಲಿ ಕುರಿ ಕಾಯುತ್ತಿದ್ದವನು. ದೀಕ್ಷಾಸ್ನಾನವಾಗಿ ಎರಡು ವರ್ಷವೂ ತುಂಬಿರಲಿಲ್ಲ. ತನ್ನವರನ್ನೆಲ್ಲ ಬಿಟ್ಟು ಬಂದು, ಶಾಲೆಯ ಹಿಂದಿನ ಕೊಠಡಿಯಲ್ಲಿ ಒಬ್ಬನೇ ಇದ್ದ. ಬೈಬಲನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದ, ಅದೂ ನಾನು ಕಲಿಸಿದ ಅಕ್ಷರ. ಆದರೆ ಕಂಬಳಿ ಹೆಗಲಿಂದ ಇಳಿಸಿ ಪ್ರಾರ್ಥನೆಗೆ ನಿಂತನೆಂದರೆ ಹೆಂಗಸರೆಲ್ಲ ಕಣ್ಣಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ನನ್ನ ಪ್ರಾರ್ಥನೆಯಲ್ಲಿ ವ್ಯಾಕರಣದ ಒಂದು ತಪ್ಪೂ ಇರುತ್ತಿರಲಿಲ್ಲ. ಯಾರೂ ಅಳುತ್ತಲೂ ಇರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾರೆ.

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ನಮ್ಮಲ್ಲಿ ಕಾಯುವ ಭಾನುವಾರ ಎನ್ನುತ್ತಿದ್ದೆವು. ಆ ನಾಲ್ಕು ವಾರ ಒಂದು ಪದ್ಧತಿ ಇತ್ತು. ಆರಾಧನೆ ನಡೆಸುವವನು ಸಭೆಯ ಒಂದೊಂದು ಮನೆಯ ಹೆಸರನ್ನೂ ಹೇಳಿ, ಆ ಮನೆಯ ಕಷ್ಟ ಸುಖಕ್ಕೆ ಎರಡು ಮಾತು ಪ್ರಾರ್ಥಿಸಬೇಕು. ಹೆಸರು ಬಂದ ಮನೆಯವರು ಎದ್ದು ನಿಲ್ಲಬೇಕು, ಆಮೆನ್ ಆಗುವವರೆಗೆ ನಿಂತೇ ಇರಬೇಕು. ಕೊನೆಗೆ ಇಡೀ ಸಭೆ ನಿಂತಿರುತ್ತಿತ್ತು. ಸಭೆಗೆ ಸೇರಿದ ಕ್ರಮದಲ್ಲಿ ಹೆಸರು ಹೇಳುತ್ತಿದ್ದರಿಂದ ಯೋಹಾನನ ಒಂಟಿಮನೆ ಎಲ್ಲಕ್ಕಿಂತ ಕಡೆಯದು.

ಎರಡನೆಯ ಭಾನುವಾರ ಯೋಹಾನನ ಸರದಿ. ಮುಗಿದ ಮೇಲೆ ಬಾಗಿಲಲ್ಲಿ ಮುದುಕಿ ಜ್ಞಾನಮ್ಮ ನನ್ನನ್ನು ನಿಲ್ಲಿಸಿ, "ನಿಮ್ ಪ್ರಾರ್ಥ್ನೆನೂ ಚೆನ್ನಾಗಿರ್ತದೆ ಮೇಷ್ಟ್ರೇ. ಆದ್ರೆ ಯೋಹಾನಪ್ಪ ಮಾಡ್ದಾಗ ನಮ್ಮನೇವ್ರು ಸತ್ತಿದ್ದು ನೆನ್ಸ್ಕಂಡು ಒಂದೀಟು ಅಳಾಕಾಯ್ತದೆ ಕಣಪ್ಪ" ಎಂದಳು. ಪಾಪ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ನಾನು ಮಾತ್ರ ವಾರವಿಡೀ ಅದನ್ನೇ ಮೆಲುಕು ಹಾಕಿದೆ. ಉಪದೇಶಿಯ ಕೆಲಸ ಇವನ ಪಾಲಾಗುತ್ತದೆ ಎಂದು ಖಾತ್ರಿಯಾಯಿತು. ಮುಂದಿನ ಭಾನುವಾರ ಇವನ ಹೆಸರನ್ನೇ ಹೇಳುವುದಿಲ್ಲ, ಎಲ್ಲರೂ ನಿಂತಿರುವಾಗ ಇವನೊಬ್ಬ ಕೂತಿರಲಿ ಎಂದು ತೀರ್ಮಾನಿಸಿದೆ. ಸಣ್ಣ ಬುದ್ಧಿ. ಮೂವತ್ತೈದು ದಾಟಿದ ಮೇಷ್ಟರ ಬುದ್ಧಿ ಇದು.

ಹಾಗೇ ಮಾಡಿದೆ. ಕಣ್ಣು ಮುಚ್ಚಿ ಹತ್ತು ಮನೆಗಳ ಹೆಸರು ಹೇಳಿದೆ, ಒಂದೊಂದಕ್ಕೂ ಎರಡೆರಡೇ ಮಾತು. ಹತ್ತನೆಯದು ಮುಗಿದ ಕೂಡಲೇ, ಉಸಿರು ಕೂಡ ತೆಗೆದುಕೊಳ್ಳದೆ, ಆಮೆನ್ ಎಂದೆ. ಇದು ನನಗೆ ಎಷ್ಟು ಚೆನ್ನಾಗಿ ನೆನಪಿದೆ ಎಂದರೆ, ಆಮೆನ್ ಎನ್ನುವಾಗ ಒಳಗೊಳಗೇ ಆದ ಖುಷಿ ಕೂಡ ನೆನಪಿದೆ.

ಕಣ್ಣು ತೆರೆದರೆ ಯೋಹಾನ ನಿಂತಿದ್ದ. ಕರೆಯದೆ ಎದ್ದು ನಿಂತಿದ್ದಾನಲ್ಲ, ಎಷ್ಟು ಪೊಗರು ಇವನಿಗೆ ಎಂದು ಮೈ ಉರಿಯಿತು. ಆಮೇಲೆ ನೋಡುತ್ತೇನೆ, ಅವನ ಗಡ್ಡವೆಲ್ಲ ಒದ್ದೆ. ಜ್ಞಾನಮ್ಮ ಬಿಕ್ಕುತ್ತಿದ್ದಳು. ನನ್ನ ಹೆಂಡತಿ ಕರುಣಮ್ಮ, ಮದುವೆಯಾದಾಗಿನಿಂದ ಯಾವತ್ತೂ ನೋಡದ ಹಾಗೆ ನನ್ನನ್ನು ನೋಡುತ್ತಿದ್ದಳು. ಯಾರಿಗೋ ಏನೋ ಆಗಿದೆ ಎಂದುಕೊಂಡೆ.

ಯೋಹಾನ ನೆಟ್ಟಗೆ ಬಂದು ನನ್ನ ಎರಡು ಕೈಯನ್ನೂ ಹಿಡಿದುಕೊಂಡ. "ಗಂಟು ಕಟ್ಟಿ ಮಡಗಿದ್ದೆ ಮೇಷ್ಟ್ರೇ. ಪ್ರಾರ್ಥ್ನೆ ಮುಗಿದೇಟ್ಗೆ ಹಟ್ಟಿಗೆ ಹೊಂಟೋಗ್ಬುಡಾನ ಅಂತಿದ್ದೆ. ಯಾರ್ಗೂ ಹೇಳಿರ್ನಿಲ್ಲ. ನಿಮ್ಗೆ ಹೆಂಗೆ ಗೊತ್ತಾಯ್ತು?" ಎಂದ. ನಾನು ಬಾಯಿ ಬಿಡುವ ಮೊದಲೇ, "ಹೊಟ್ಟೆಕಿಚ್ಚು ಯಾರ್ಗಿಲ್ಲ ಬುಡಿ. ಎಲ್ರ ಮುಂದೆ ಹೇಳ್ಕಂಡ್ರಲ್ಲ, ಅದು ದೊಡ್ದು" ಎಂದ.

ಅವನ ಹಿಡಿತದಿಂದ ಕೈ ಬಿಡಿಸಿಕೊಂಡೆ. ಏನೋ ಗೊಣಗಿ ಮನೆಗೆ ಬಂದೆ. ಕರುಣಮ್ಮ ಬೆಳಿಗ್ಗೆ ಅವರೆಕಾಳಿನ ಸಾರನ್ನು ಕೆಂಡದ ಮೇಲೆ ಇಟ್ಟು ಬಂದಿದ್ದಳು. ಅದು ಇಂಗಿ, ತಳ ಹಿಡಿದು ಕರಿಕಾಗಿತ್ತು. ಅಷ್ಟು ಹೊತ್ತು ಪ್ರಾರ್ಥನೆ ಮಾಡಿದರೆ ಇನ್ನೇನಾಗುತ್ತದೆ ಎಂದು ನಕ್ಕಳು. ಅಷ್ಟು ಹೊತ್ತೇ? ನನ್ನ ಲೆಕ್ಕದಲ್ಲಿ ಹತ್ತು ನಿಮಿಷವೂ ಆಗಿರಲಿಲ್ಲ. ಹತ್ತು ಮನೆ ಬೇಗ ಮುಗಿಸಿ, ಯೋಹಾನನೊಬ್ಬನಿಗಾಗಿಯೇ ಅರ್ಧ ಗಂಟೆಯ ಮೇಲೆ ಬೇಡಿಕೊಂಡಿರಿ ಎಂದಳು. ನಾನೇನು ಹೇಳಿದೆ ಎಂದು ಮೆಲ್ಲಗೆ ಕೇಳಿದೆ. ನೆನಪಿದ್ದಷ್ಟು ಹೇಳಿದಳು. ಕರ್ತನೇ, ಈ ಮಗ ಗಂಟು ಕಟ್ಟಿಟ್ಟು ಬಂದಿದ್ದಾನೆ, ಅವನನ್ನು ಕಳಿಸಬೇಡ. ಎರಡು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಅವನನ್ನು ಒಂದು ಹೊತ್ತಿನ ಊಟಕ್ಕೆ ಕರೆಯಲಿಲ್ಲ. ನಾನಂತೂ ಹೊಟ್ಟೆಕಿಚ್ಚಿನಿಂದ ಅವನ ಮುಖವನ್ನೇ ನೋಡಲಿಲ್ಲ, ಇವತ್ತು ಅವನ ಹೆಸರನ್ನೂ ಬಿಡಬೇಕೆಂದಿದ್ದೆ, ಕ್ಷಮಿಸು. ಇದು ನಾನು ಮಾಡಿದ ಪ್ರಾರ್ಥನೆಯಂತೆ. ನಾನು ಇದನ್ನು ಹೇಳಲೇ ಇಲ್ಲ ಕಣೇ ಎಂದೆ. "ನಾಚ್ಕೋಬೇಡಿ, ಸುಮ್ನಿರಿ" ಎಂದು ಯೋಹಾನನನ್ನು ಊಟಕ್ಕೆ ಕರೆಯಲು ಹೋದಳು.

ಮೈಮರೆತು ನಾನೇ ಹೇಳಿರಬಹುದೇ? ಎಷ್ಟೋ ಸಲ ಹಾಗೆಂದು ಸಮಾಧಾನ ಮಾಡಿಕೊಂಡಿದ್ದೇನೆ. ಹೊಟ್ಟೆಕಿಚ್ಚು ನನ್ನದು, ಅದು ನನ್ನ ಬಾಯಿಂದ ಜಾರಿತೆಂದೇ ಇಟ್ಟುಕೊಳ್ಳಿ. ಆದರೆ ಯೋಹಾನನ ಗಂಟಿನ ವಿಷಯ ನನಗೆಲ್ಲಿಂದ ಬಂತು? ಹೊಸ ಅಯ್ಯನವರು ಬಂದಾಗ ಅವರೊಬ್ಬರ ಹತ್ತಿರ ಎಲ್ಲ ಹೇಳಿದೆ. ಅವರು ಎಲ್ಲ ಕೇಳಿ, ಕಾಫಿ ತಣ್ಣಗಾಗುತ್ತದೆ ಕುಡಿಯಿರಿ ಎಂದರು.

ಉಪದೇಶಿಯನ್ನು ಆರಿಸುವ ದಿನ ಮೊದಲು ಎದ್ದು ನನ್ನ ಹೆಸರು ಹೇಳಿದವನು ಯೋಹಾನ. ಅಂಥ ಪ್ರಾರ್ಥನೆ ಮಾಡಿದವರು ಇರುವಾಗ ಬೇರೆ ಯಾರು ಬೇಕು ಎಂದ. ಎಲ್ಲರೂ ಕೈ ಎತ್ತಿದರು. ಬೇಡ ಎನ್ನದೆ ಒಪ್ಪಿಕೊಂಡೆ. ನಾನು ಬಯಸಿದ ಕೆಲಸ ಅದು.

ಆಮೇಲೆ ಕಳ್ಳಂಬೆಳ್ಳ, ಚನ್ನರಾಯನದುರ್ಗ, ಪಾವಗಡದ ಗಡಿಯ ಹಳ್ಳಿಗಳು, ಎಲ್ಲ ಕಡೆ ತಿರುಗಿದ್ದೇನೆ. ಹೋದಲ್ಲೆಲ್ಲ, ಅವತ್ತು ಮಾಡಿದಿರಂತಲ್ಲ, ಹಾಗೆ ಒಂದು ಪ್ರಾರ್ಥನೆ ಮಾಡಿ ಎನ್ನುತ್ತಾರೆ. ಮಾಡುತ್ತೇನೆ, ವ್ಯಾಕರಣ ತಪ್ಪುವುದಿಲ್ಲ. ಯಾರೂ ಅಳುವುದೂ ಇಲ್ಲ. ಯೋಹಾನ ಈಗಲೂ ಭಾನುವಾರ ನಮ್ಮ ಮನೆಯಲ್ಲೇ ಉಣ್ಣುತ್ತಾನೆ, ಅವನ ಮೇಲಿನ ಹೊಟ್ಟೆಕಿಚ್ಚು ಎಂದೋ ಆರಿಹೋಯಿತು. ಆದರೆ ಅವತ್ತು ನನ್ನ ದನಿಯಲ್ಲಿ ಮಾತಾಡಿದನಲ್ಲ ಒಬ್ಬ, ಯಾರೋ ಏನೋ ನನಗೆ ಗೊತ್ತಿಲ್ಲ, ಅವನನ್ನು ನೆನೆದರೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಯೋಹಾನನ ಮೇಲೆ ಅವನಿಗೆ ಅಷ್ಟೊಂದು ಪ್ರೀತಿ ಇತ್ತು.