ಪರಮಣ್ಣ ತಯಾರು ಮಾಡಿದ ರೋಗಿ

ಪರಮಣ್ಣ ನನ್ನ ಗಂಡ. ಗಂಡನನ್ನು ಹೆಸರು ಹಿಡಿದು ಕರೆಯುತ್ತೇನೆಂದು ಶಹಾಪುರದ ನಮ್ಮ ಓಣಿಯ ಹೆಂಗಸರು ಮೂಗು ಮುರಿಯುತ್ತಾರೆ. ಅವನ ಜೊತೆ ಮೂವತ್ತು ವರ್ಷ ಬಾಳುವೆ ಮಾಡಿ ನೋಡಲಿ, ಆಮೇಲೆ ಮುರಿಯಲಿ.

ಅವನು ಯಾವುದೋ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕೆಲಸದಲ್ಲಿದ್ದಾಗ ಏನು ಮಾಡಿದನೆಂಬುದು ಯಾರಿಗೂ ನೆನಪಿಲ್ಲ. ನಿವೃತ್ತನಾದ ಮೇಲೆ ಮಾತ್ರ ಊರಿಗೆಲ್ಲ ಬೇಕಾದ ಮನುಷ್ಯನಾಗಿಬಿಟ್ಟ. ಯಾರ ಮನೆಗೆ ಪಿಂಚಣಿಯ ತನಿಖೆಗೆ ಸಾಹೇಬರು ಬರುವುದಿರಲಿ, ಯಾರು ಯಾವ ಸರ್ಟಿಫಿಕೇಟಿಗೆ ಯಾವ ಡಾಕ್ಟರ ಮುಂದೆ ನಿಲ್ಲುವುದಿರಲಿ, ಹಿಂದಿನ ದಿನವೇ ಪರಮಣ್ಣ ಹೋಗಿ ಅವರನ್ನು ತಯಾರು ಮಾಡುತ್ತಾನೆ. ಮೈಮೇಲಿನ ಬಂಗಾರ ತೆಗೆಸುತ್ತಾನೆ. ಟಿವಿಯ ಮೇಲೆ ಕೌದಿ ಹೊದಿಸುತ್ತಾನೆ. ಫ್ರಿಜ್ಜನ್ನು ಪಕ್ಕದ ಮನೆಗೆ ಸಾಗಿಸುತ್ತಾನೆ. ಅಂಗವಿಕಲರ ಕ್ಯಾಂಪಿಗೆ ಹೋಗುವ ಮೊದಲು ಸುರಪುರದ ಮರಿಲಿಂಗನಿಗೆ ಎಂಟು ದಿನ ಕುಂಟುವುದನ್ನು ಕಲಿಸಿದ. ಕ್ಯಾಂಪಿನ ಡಾಕ್ಟರು ಕಾಲು ಮುಟ್ಟಿ ನೋಡಿ ಮನೆಗೆ ಕಳಿಸಿದರು. ಸರ್ಟಿಫಿಕೇಟು ಸಿಗಲಿಲ್ಲ, ಕುಂಟುವುದು ಮಾತ್ರ ಉಳಿದುಕೊಂಡಿತು. ಮರಿಲಿಂಗ ಈಗಲೂ ಅವಸರದಲ್ಲಿದ್ದರೆ ಎಡಗಾಲು ಎಳೆಯುತ್ತಾನೆ. ಇದನ್ನು ಪರಮಣ್ಣ ತನ್ನ ವಿದ್ಯೆಗೆ ಸಾಕ್ಷಿಯೆಂದು ಹೇಳಿಕೊಂಡು ತಿರುಗುತ್ತಾನೆ.

"ಅಳದಿದ್ರ ತಾಯಿನೂ ಹಾಲು ಕುಡಿಸಂಗಿಲ್ಲ" ಎನ್ನುತ್ತಾನೆ. ಅವನ ಶಾಸ್ತ್ರವೆಲ್ಲ ಇಷ್ಟೇ. ಕುರ್ಚಿಯಲ್ಲಿ ಕುಳಿತವನ ಮುಂದೆ ಎಷ್ಟು ದೀನವಾಗಿ ನಿಂತರೆ ಅಷ್ಟು ಬೇಗ ಕಾಗದಕ್ಕೆ ಸಹಿ ಬೀಳುತ್ತದೆ. ನಮ್ಮ ಕಡೆಯ ಜನ ನಿಜಾಮನ ಕಾಲದಿಂದ ಕಲಿತದ್ದು ಇದೊಂದೇ ಪಾಠ, ಮರೆತದ್ದು ಮಿಕ್ಕಿದ್ದೆಲ್ಲ.

ನನಗೊಬ್ಬಳು ತಂಗಿಯಿದ್ದಾಳೆ, ಪಂಚಶೀಲಾ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಹುಟ್ಟಿದವರು ನಾವಿಬ್ಬರು. ಅದಕ್ಕೇ ನಾನು ಅನುರಾಧಾ, ಅವಳು ಪಂಚಶೀಲಾ. ಅವಳು ಗೋಗಿಯಲ್ಲಿ ಅಂಗನವಾಡಿ ಟೀಚರು. ಗಂಡ ಬುದ್ಧಪ್ರಿಯ ನಾರಾಯಣಪುರದ ಅಣೆಕಟ್ಟಿನಲ್ಲಿ ನೌಕರ, ಅಲ್ಲಿಯ ಕ್ವಾರ್ಟರ್ಸಿನಲ್ಲೇ ಇರುತ್ತಾನೆ. ಹದಿನೈದು ದಿನಕ್ಕೊಮ್ಮೆ ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ, ಹೋಗುತ್ತಾನೆ. ಅವನ ಬಗ್ಗೆ ಬರೆಯುವುದಕ್ಕೆ ಇದಕ್ಕಿಂತ ಹೆಚ್ಚೇನೂ ಇಲ್ಲ.

ಪಂಚಶೀಲಾಳ ತೂಕ ಎರಡನೆಯ ಹೆರಿಗೆಯ ನಂತರ ಏರತೊಡಗಿದ್ದು ನಿಲ್ಲಲೇ ಇಲ್ಲ. ನಲವತ್ತೊಂದಕ್ಕೆ ಮೊಣಕಾಲು ಹೋದವು, ಸಕ್ಕರೆ ಕಾಯಿಲೆ ಬಂತು. ಊರ ಕೂಸುಗಳನ್ನು ತಕ್ಕಡಿಗೆ ಹಾಕಿ ತೂಕ ಬರೆದುಕೊಳ್ಳುವುದು ಅವಳ ಕೆಲಸ. ಹಾಗಾಗಿ ಗೋಗಿಯ ಹೆಂಗಸರಿಗೆ ತಮಾಷೆಗೆ ಬೇರೆ ವಸ್ತು ಬೇಕಾಗಲಿಲ್ಲ. ಅವಳಿಗೆ ಇದ್ದ ಆಸೆ ಒಂದೇ. "ಅಕ್ಕಾ, ಹುಡುಗರ ಜೋಡಿ ನೆಲದ ಮ್ಯಾಲ ಕುಂದರಬೇಕು ನೋಡು. ಕುರ್ಚಿ ಮ್ಯಾಲ ಕುಂತು ಅ ಆ ಇ ಈ ಹೇಳಿಕೊಟ್ರ ಅವು ನನ್ನ ಚಪ್ಪಲಿ ನೋಡ್ತಾವ, ಮಾರಿ ನೋಡಂಗಿಲ್ಲ" ಎನ್ನುತ್ತಿದ್ದಳು.

ಕಲಬುರ್ಗಿಯ ಒಬ್ಬ ಸರ್ಜನ್ ಹೊಟ್ಟೆಯ ಚೀಲ ಸಣ್ಣದು ಮಾಡುವ ಆಪರೇಷನ್ ಮಾಡಬಹುದೆಂದರು. ಆದರೆ ಮೊದಲು ಮನೋವೈದ್ಯರು ನೋಡಿ ಒಪ್ಪಿಗೆಯ ಚೀಟಿ ಬರೆದುಕೊಡಬೇಕು. ಆಪರೇಷನ್ ಆದ ಮೇಲೆ ಜೀವನಪೂರ್ತಿ ತುತ್ತು ಲೆಕ್ಕ ಹಾಕಿ ತಿನ್ನಬೇಕಾಗುತ್ತದೆ, ಅದಕ್ಕೆ ಮನಸ್ಸು ಗಟ್ಟಿಯಿರಬೇಕು, ಅದನ್ನೇ ಅವರು ಪರೀಕ್ಷೆ ಮಾಡುವುದು ಎಂದು ಸರ್ಜನ್ ಬಿಡಿಸಿ ಹೇಳಿದರು. ಪರಮಣ್ಣನ ಕಿವಿಗೆ ಬಿದ್ದದ್ದು ಚೀಟಿ ಎಂಬ ಒಂದೇ ಮಾತು.

"ಚೀಟಿ ನನಗ ಬಿಡ್ರಿ" ಎಂದ. ದವಾಖಾನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಜೇಬಿನಿಂದ ಪೆನ್ನು ತೆಗೆದಿದ್ದ.

ಆ ವಾರವೇ ಗೆರೆ ಹಾಕಿದ ಮೂರು ಹಾಳೆಯ ತುಂಬ ಪ್ರಶ್ನೋತ್ತರ ಬರೆದುಕೊಂಡು ಬಂದ. ನಿದ್ದೆ ಬರುತ್ತದೆಯೇ? ಬರುವುದಿಲ್ಲ. ಇಲ್ಲಿ ನಿಟ್ಟುಸಿರು. ಜನ ಏನೆನ್ನುತ್ತಾರೆ? ನಗುತ್ತಾರೆ. ಇಲ್ಲಿ ತಲೆ ತಗ್ಗಿಸುವುದು. ಬದುಕಬೇಕು ಅನಿಸುತ್ತದೆಯೇ? ಇಲ್ಲ, ಸಾಯಬೇಕು ಅನಿಸುತ್ತದೆ. ಇಲ್ಲಿ ಸೆರಗು ಕಣ್ಣಿಗೆ. ಸೆರಗು ಎಂಬ ಮಾತಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದ.

ಓದಿ ನನಗೆ ಮೈ ಉರಿಯಿತು. "ಇದೇನು ವಿಧವಾ ವೇತನದ ಅರ್ಜಿಯೇನು?" ಎಂದೆ.

"ನಿನಗ ತಿಳಿಯಂಗಿಲ್ಲ. ಗಟ್ಟಿ ಅದೀನಿ ಅಂದ್ರ, ಗಟ್ಟಿ ಇದ್ದಾಕಿಗಿ ಆಪರೇಷನ್ ಯಾಕ ಅಂತಾರ. ಹಾಳಾಗ್ಯಾಳ ಅನ್ನಿಸಬೇಕು. ಆವಾಗ ಬರೀತಾರ."

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳಿಲ್ಲ. ಆದರೆ ನಾನೇನು ಮಾಡಿದೆ? ಬೈದೆ, ಹಂಗಿಸಿದೆ, ಆಮೇಲೆ ಅವನು ಹೇಳಿದಂತೆ ಕುರ್ಚಿ ಹಾಕಿಕೊಂಡು ಕುಳಿತೆ. ತಾಲೀಮಿನಲ್ಲಿ ಡಾಕ್ಟರ ಪಾತ್ರ ನನ್ನದು. ಒಂದು ವೇಳೆ ಇವನ ಮಾತೇ ನಿಜವಾಗಿ, ನಮ್ಮ ಹಟದಿಂದ ಚೀಟಿ ತಪ್ಪಿದರೆ ಎಂಬ ಅಂಜಿಕೆ ನನಗೂ ಇತ್ತು. ನನ್ನ ತಿರಸ್ಕಾರ ಬಾಯಿಯವರೆಗೆ ಮಾತ್ರ, ಕೈಕಾಲಿಗೆ ಇಳಿದದ್ದಿಲ್ಲ.

ನಾಲ್ಕು ಭಾನುವಾರ ತಾಲೀಮು ನಡೆಯಿತು. ಪಂಚಶೀಲಾ ಗೋಗಿಯಿಂದ ಶೇರ್ ಆಟೋದಲ್ಲಿ ಬರುತ್ತಿದ್ದಳು, ಇಬ್ಬರ ಜಾಗಕ್ಕೆ ಹಣ ಕೊಟ್ಟು. ನಿಟ್ಟುಸಿರು ಮರೆಯುತ್ತಿದ್ದಳು. ತಲೆ ತಗ್ಗಿಸುವ ಕಡೆ ನಕ್ಕುಬಿಡುತ್ತಿದ್ದಳು. ಪರಮಣ್ಣ ಹಾಳೆಯಿಂದ ತೊಡೆ ಬಡಿದುಕೊಂಡು, "ನಗಬ್ಯಾಡ, ನಕ್ರ ಎಲ್ಲಾ ಹೋಯ್ತು" ಎನ್ನುತ್ತಿದ್ದ. ಕೊನೆಯ ಉತ್ತರ ಮಾತ್ರ ಅವಳಿಗೆ ಒಮ್ಮೆಯೂ ತಪ್ಪಲಿಲ್ಲ. ಶಾಲೆಯಲ್ಲಿ ಮಾಸ್ತರಿಣಿಯಾಗಿ ಮಕ್ಕಳನ್ನು ತಿದ್ದುವ ಚಟ ನನ್ನದು, "ಛಲೋ ಹೇಳಿದಿ, ಜರ ನಿಧಾನ ಹೇಳು" ಎಂದು ತಿದ್ದಿದೆ.

ಕಲಬುರ್ಗಿಗೆ ಮನೋವೈದ್ಯರ ಹತ್ತಿರ ಹೋಗುವ ದಿನ ಪರಮಣ್ಣ ಅವಳ ಕಿವಿಯ ಬೆಂಡೋಲೆ ಬಿಚ್ಚಿಸಿದ. ಹಳೆಯ ಸೀರೆ ಉಡಿಸಿದ. ಮುಂಜಾನೆಯ ನಾಷ್ಟಾ ಕೂಡ ಬೇಡವೆಂದ, ಮುಖ ಬಾಡಿರಬೇಕಂತೆ. ಸಕ್ಕರೆ ಕಾಯಿಲೆಯವಳನ್ನು ಉಪವಾಸ ಕೂರಿಸಿ ಇವನು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಸೂಸಲಾ ಮಿರ್ಚಿ ತಿಂದ. ನಾನು ಅವಳ ಬ್ಯಾಗಿನಲ್ಲಿ ಕದ್ದು ಒಂದು ಜೋಳದ ರೊಟ್ಟಿ ಇಟ್ಟೆ. ನನ್ನ ಬಂಡಾಯ ಅಷ್ಟೇ.

ಡಾಕ್ಟರು ನಡುವಯಸ್ಸಿನ ಹೆಂಗಸು. ಪರಮಣ್ಣನನ್ನು ಹೊರಗೆ ಕೂರಿಸಿದರು. ನಾನೂ ಎದ್ದೆ. "ಅಕ್ಕ ಇರ್ಲಿ ಬಿಡ್ರಿ" ಎಂದಳು ಪಂಚಶೀಲಾ. ನಾನು ಕುಳಿತೆ.

ನಿದ್ದೆಯ ಪ್ರಶ್ನೆ ಬಂತು, ಉತ್ತರ ಬಂತು, ನಿಟ್ಟುಸಿರೂ ಬಂತು. ಜನರ ಪ್ರಶ್ನೆ ಬಂತು, ತಲೆ ತಗ್ಗಿತು. ಪರಮಣ್ಣ ಮಹಾ ಜಾಣ ಎಂದು ನನಗೂ ಒಂದು ಕ್ಷಣ ಅನಿಸಿತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಅವಳು ಸಾಯಬೇಕು ಅನಿಸುತ್ತದೆ ಎಂದಳು, ನಾನು ಕಲಿಸಿದಷ್ಟೇ ನಿಧಾನವಾಗಿ.

"ಯಾವಾಗಿನಿಂದ ಹಂಗ ಅನಸ್ತದವಾ?" ಎಂದು ಡಾಕ್ಟರು ಕೇಳಿದರು.

ಇದು ಹಾಳೆಯಲ್ಲಿ ಇರಲಿಲ್ಲ. ಪಂಚಶೀಲಾ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ.

"ಹೋದ ವರ್ಷ ತೊಗರಿ ರಾಶಿ ನಡದಿತ್ತಲ್ರಿ, ಆವಾಗಿಂದ" ಎಂದಳು. "ಊರ ದವಾಖಾನಿ ಮಿಶಿನ್ನಾಗ ನನ್ನ ತೂಕ ಹಿಡೀಲಿಲ್ರಿ, ಮುಳ್ಳು ತುದಿಗಿ ಹೋಗಿ ನಿಂತಿತು. ಹೊರಗ ಕುಂತಾನಲ್ರಿ ನಮ್ಮ ಮಾಮಾ, ಅವನೇ ನನ್ನ ಚೀಲ ತೂಗೋ ಅಡತಿ ಅಂಗಡಿಗಿ ಕರಕೊಂಡು ಹೋದ. ತೊಗರಿ ಚೀಲ ಇಳಿಸಿ ಆ ಕಾಟಾದ ಮ್ಯಾಲ ನನ್ನ ನಿಂದ್ರಿಸಿದ್ರು. ಹಮಾಲರೆಲ್ಲ ಕೆಲಸ ಬಿಟ್ಟು ನೋಡಿದ್ರು. ಒಬ್ಬಾಂವ ಚೀಲದ ತೂಕ ಒದರಿದಂಗ ನಂದು ಒದರಿದ. ಎಲ್ಲರೂ ನಕ್ರು ರೀ."

ಎಲ್ಲರೂ ಎಂದಳು. ಯಾರ್ಯಾರು ಎಂದು ಹೇಳಲಿಲ್ಲ. ಅವಳ ಚಪ್ಪಲಿ ಹಿಡಿದುಕೊಂಡು ಆ ಕಾಟಾದ ಪಕ್ಕದಲ್ಲೇ ನಾನು ನಿಂತಿದ್ದೆ. ನಾನೂ ನಕ್ಕಿದ್ದೆ.

"ಸಾಯಬೇಕಂತ ಏನರ ಮಾಡಿದ್ದೇನವಾ?"

"ಕಾಲುವಿ ದಂಡಿ ತನಕ ಎರಡು ಸರ್ತಿ ಹೋಗಿದ್ದೆ ರೀ. ಎರಡೂ ಸರ್ತಿ ತಿರುಗಿ ಬಂದೆ. ಹೆಣ ಎತ್ತೋರು ಭಾರಾತು ಅಂತ ನಗ್ತಾರಲ್ಲ, ಅದಕ್ಕ."

ಸೆರಗು ಕಣ್ಣಿಗೆ ಹೋಗಲಿಲ್ಲ. ಅವಳು ಅಳಲೂ ಇಲ್ಲ. ಮಕ್ಕಳ ತೂಕ ಓದಿ ಹೇಳುವ ದನಿಯಲ್ಲೇ ಅದನ್ನು ಹೇಳಿದಳು. ನಾಲ್ಕು ಭಾನುವಾರ ನನ್ನ ಎದುರು ಕುಳಿತು ಅದೇ ಮಾತು ಹೇಳಿದ್ದಳು, ನಾನು ಉಚ್ಚಾರ ತಿದ್ದುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಡಾಕ್ಟರು ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು. ಆಪರೇಷನ್ ಬೇಡ ಎನ್ನುತ್ತಿಲ್ಲ, ಈಗ ಬೇಡ ಎಂದರು. ಗುಳಿಗೆ ಬರೆದರು. ಪ್ರತಿ ಗುರುವಾರ ಬಂದು ಮಾತಾಡಬೇಕು, ಮನಸ್ಸು ತಿಳಿಯಾದ ಮೇಲೆ ನಾನೇ ಸರ್ಜನ್‌ಗೆ ಬರೆಯುತ್ತೇನೆ ಎಂದರು. ಬುದ್ಧಪ್ರಿಯನಿಗೆ ಅಲ್ಲಿಂದಲೇ ಫೋನು ಮಾಡಿಸಿ, ಆಕೆಯನ್ನು ಸದ್ಯ ಒಬ್ಬಳನ್ನೇ ಬಿಡಬಾರದೆಂದು ತಿಳಿಸಿದರು. ಅವನು ಸಂಜೆಯೊಳಗೆ ಬರುತ್ತೇನೆ ಎಂದ.

ಹೊರಗೆ ಪರಮಣ್ಣ ಚೀಟಿಗಾಗಿ ಕೈ ಚಾಚಿಕೊಂಡೇ ನಿಂತಿದ್ದ. ಚೀಟಿ ಇಲ್ಲ ಎಂದೆ.

"ಜಾಸ್ತಿ ಮಾಡಿದ್ಳು" ಎಂದ. "ನಾ ಹೇಳಿದ್ದೆ ಜರ ಅಳು ಅಂತ. ಈಕಿ ಪೂರಾ ಸಾಯಕತ್ತಂಗ ಮಾಡ್ಯಾಳ, ಡಾಕ್ಟರಮ್ಮ ಅಂಜ್ಯಾಳ." ಆಮೇಲೆ ಒಳಬಾಗಿಲಿನ ಕಡೆ ಬಗ್ಗಿ, "ಮೇಡಂ, ಅದೆಲ್ಲಾ ನಾಟಕರಿ, ನಾನೇ ಕಲಿಸೀನಿ" ಎಂದ. ಡಾಕ್ಟರು ಅವನನ್ನು ಒಂದು ಸಲ ನೋಡಿ ಬಾಗಿಲು ಹಾಕಿಕೊಂಡರು. ಪರಮಣ್ಣ ಧೈರ್ಯಗೆಡುವ ಪ್ರಾಣಿಯಲ್ಲ. "ಇನ್ನೊಂದು ತಾರೀಖು ತಗೊಳ್ಳೋಣ. ಈ ಸರ್ತಿ ನಗೋದು ಕಲಿಸ್ತೀನಿ" ಎಂದ.

ಮೂವತ್ತು ವರ್ಷದಲ್ಲಿ ಅವನಿಗೆ ಹೇಳದ ಮಾತುಗಳನ್ನೆಲ್ಲ ಆಗ ಆ ದವಾಖಾನೆಯ ಪಡಸಾಲೆಯಲ್ಲಿ ಹೇಳಿದೆ. ಜನ ನೋಡುತ್ತಿದ್ದರು, ನೋಡಲಿ. ಕಾಟಾದ ಮಾತನ್ನೂ ಹೇಳಿದೆ, ಎಲ್ಲ ಅವನ ತಲೆಗೇ ಕಟ್ಟಿದೆ. ಹಾಗೆ ಬೈಯುತ್ತಿದ್ದಾಗ ನನಗೆ ಎಷ್ಟು ಹಗುರವೆನಿಸಿತೆಂದರೆ, ಅದರಲ್ಲಿ ನನ್ನ ಪಾಲಿನದೂ ಇತ್ತು ಎಂಬುದು ಮರೆತೇಹೋಯಿತು.

ಪಂಚಶೀಲಾ ಬೆಂಚಿನ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ನನ್ನ ಬೈಗುಳ ಮುಗಿಯುವವರೆಗೂ ಕಾದಳು. ಆಮೇಲೆ ಕೈ ಝಾಡಿಸಿಕೊಂಡು ಎದ್ದಳು.

"ಮಾಮಾ, ನೀ ಇನ್ನ ಏನೂ ಕಲಿಸಬ್ಯಾಡ" ಎಂದಳು. "ಗುರುವಾರ ನನ್ನ ಗಂಡನ ಜೋಡಿ ಬರ್ತೀನಿ. ಡಾಕ್ಟರ ಹತ್ತಿರ ಒಳಗ ನಾ ಒಬ್ಬಾಕೀನೇ ಹೋಗ್ತೀನಿ."

"ನಾ ಬರ್ತೀನಿ ತಂಗಿ, ಜೋಡಿಗಿ" ಎಂದೆ.

ಅವಳು ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ.

"ಬ್ಯಾಡ ಅಕ್ಕಾ. ನೀನೂ ಬ್ಯಾಡ."