ಮುರಿಯುವ ಕೋಲು ಕೇಳಿದವರು

ಗಾಳದ ಕೋಲು ಕೊಳ್ಳಲು ನನ್ನ ಅಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ ಮಾತು: "ಮುರಿಯಲ್ಲ ತಾನೇ?" ನಾನೂ ಮೂವತ್ತು ವರ್ಷದಿಂದ ಒಂದೇ ಉತ್ತರ ಕೊಡುತ್ತ ಬಂದಿದ್ದೇನೆ: "ನೀವು ಮುರಿದರೂ ಇದು ಮುರಿಯಲ್ಲ." ಚಿಲಕಣ್ಣ ಮಾತ್ರ ಒಳಗೆ ಬಂದು, ಬಾಗಿಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: "ಸಾಹುಕಾರ್ರೇ, ಬೇಗ ಮುರಿಯೋದು ಯಾವುದಿದೆ?"

ಚಿಲಕಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಎದುರಿನ ಕಟ್ಟಡದ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆಗೆ ಬಡಿಯುವಂಥ ಗೂಡಿನಲ್ಲಿ ಅವರ ಬೀಗ ರಿಪೇರಿ. ಸುತ್ತಲಿನ ಅರ್ಧ ಮನೆಗಳ ಕೀಲಿ ಅವರ ಕೈಯಲ್ಲೇ ಹುಟ್ಟಿದ್ದು. ಅವರ ಸ್ವಂತ ಮನೆಯ ಬಾಗಿಲಿಗೆ ಮೂರು ಚಿಲಕ. ಒಳಗೆ ಕದಿಯುವಂಥದ್ದು ಏನಿದೆ ಎಂದು ಕಳ್ಳರಿಗೂ ಕುತೂಹಲ ಹುಟ್ಟಬೇಕು, ಹಾಗೆ. ಸಮುದ್ರ ಮೂರೇ ಬೀದಿ ಆಚೆ. ಅವರು ಅತ್ತ ಕಾಲಿಟ್ಟದ್ದನ್ನು ನಾನು ಕಂಡಿಲ್ಲ. ಅಲೆಗಳ ಸದ್ದು ಜೋರಾದ ದಿನ ಅವರ ಅರದ ಸದ್ದು ಅದಕ್ಕಿಂತ ಜೋರು.

"ಮುರಿಯೋ ಕೋಲು ಯಾಕೆ? ಮೀನಿನ ಮೇಲೆ ಅಷ್ಟು ಕರುಣೆನಾ?" ಎಂದೆ.

ನಗಲಿಲ್ಲ. ಅವರಿಗೆ ಒಬ್ಬಳೇ ಮಗಳು. ಜನರನ್ನು ಆಳ ಸಮುದ್ರಕ್ಕೆ ಮೀನು ಹಿಡಿಸಲು ಕರೆದೊಯ್ಯುವ ದೋಣಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಭಾನುವಾರದಿಂದ ಶುರು, ಕೋಲು ಅವರವರದ್ದೇ ತರಬೇಕು. "ಬೇಡ ಅಂದೆ. ಕೇಳಲ್ಲ. ಕೋಲಾದ್ರೂ ನಾನು ಆರಿಸ್ತೀನಿ ಅಂದೆ."

ದೋಣಿಯ ಕೋಲು ಗಿಡ್ಡವಿರಬೇಕು, ದಾರ ಪಕ್ಕದಲ್ಲೇ ನೇರ ಕೆಳಗೆ ಇಳಿಯುವುದರಿಂದ ಉದ್ದ ಕೋಲು ಬರೀ ತಂಟೆ, ಬುಡ ಗಟ್ಟಿ, ತುದಿ ಮೆದು ಇರಬೇಕು ಎಂದೆಲ್ಲ ನನ್ನ ಮಾಮೂಲು ಪಾಠ ಒಪ್ಪಿಸಿದೆ. ಮುರಿದ ಕೋಲಿನ ಚೂರು ಕಣ್ಣಿಗೇ ಬಂದೀತು ಎಂದೂ ಹೇಳಿದೆ. ಅವರು ಮೇಜಿನ ಅಂಚು ಹಿಡಿದುಕೊಂಡರು.

"ನಮ್ಮಣ್ಣನ ಕೋಲು ಮುರೀಲಿಲ್ಲ," ಎಂದರು.

ಇಪ್ಪತ್ತು ವರ್ಷದ ಪರಿಚಯದಲ್ಲಿ ಅಣ್ಣನೊಬ್ಬ ಇದ್ದನೆಂದು ನನಗೆ ಗೊತ್ತಾದದ್ದೇ ಆಗ. ಅಣ್ಣ ಗೆಳೆಯನ ಕೋಲು ಎರವಲು ತಂದಿದ್ದನಂತೆ. ನೀರಿಗೆ ಬಿದ್ದು ಹೋದರೆ ಮುಖ ತೋರಿಸುವುದು ಹೇಗೆಂದು ಅದನ್ನು ಪಟ್ಟಿಯಿಂದ ಸೊಂಟಕ್ಕೆ ಕಟ್ಟಿಕೊಂಡ. ಎಷ್ಟು ಎಳೆದರೂ ಬಿಚ್ಚದಂಥ ಕೊಂಡಿ ಮಾಡಿಕೊಡು ಎಂದು, ಆಗಷ್ಟೇ ಕೆಲಸ ಕಲಿಯುತ್ತಿದ್ದ ತಮ್ಮನನ್ನು ಕೇಳಿದ.

"ಮಾಡ್ಕೊಟ್ಟೆ. ಅದೆಂಥ ಮೀನೋ, ಒಂದೇ ಸಲ ಎಳೀತಂತೆ. ಕೊಂಡಿ ಬಿಚ್ಚಲಿಲ್ಲ ಸಾಹುಕಾರ್ರೇ."

ನನ್ನ ಬೆನ್ನ ಹಿಂದಿನ ಮೊಳೆಗಳಿಗೆ ಅಂಥದೇ ಪಟ್ಟಿಗಳು ಸಾಲಾಗಿ ತೂಗುತ್ತಿದ್ದವು. ಕೋಲಿನ ಜೊತೆ ಒಂದನ್ನು ಅಂಟಿಸದೆ ನಾನು ಯಾರನ್ನೂ ಕಳಿಸಿದವನಲ್ಲ. ಅವತ್ತು ಅವನ್ನು ತೆಗೆದು ಮೆಲ್ಲಗೆ ಮೇಜಿನ ಕೆಳಗೆ ತಳ್ಳಿದೆ.

"ಕೋಲು ಬಿಡಿ, ರೀಲಿನ ಬ್ರೇಕು ನೋಡಿ," ಎಂದೆ. "ಮೀನು ಜಗ್ಗಿದ್ರೆ ದಾರ ತಾನಾಗೇ ಬಿಟ್ಟುಕೊಡ್ಬೇಕು. ಸಡಿಲ ಇದ್ರೆ ಮಗಳು ದೋಣೀಲೇ ಇರ್ತಾಳೆ." ಬ್ರೇಕಿನ ತಿರುಪು ಅವರ ಕೈಗೆ ಕೊಟ್ಟೆ. ಸಡಿಲ ಎಂದು ನಾನು ಹೇಳುತ್ತಿದ್ದಂತೆಯೇ ಅವರ ಬೆರಳು ಅದನ್ನು ಕೊನೆಯವರೆಗೂ ಬಿಗಿದಾಗಿತ್ತು. ಅವರೇ ನೋಡಿ ಬೆಚ್ಚಿ ಕೈ ಹಿಂದೆಗೆದುಕೊಂಡರು.

ಸಂಜೆ ಮಗಳನ್ನು ಕರೆತಂದರು. ಅವಳು ಅಂಗಡಿಯೊಳಗೆ ಕೋಲು ಹಿಡಿದಳು, ಅಪ್ಪ ದಾರದ ತುದಿ ಕೈಗೆ ಸುತ್ತಿಕೊಂಡು ಬೀದಿಗೆ ನಡೆದರು. ಜಗ್ಗಿದರು. ರೀಲು ಗುಂಯ್ ಎಂದು ದಾರ ಬಿಟ್ಟಿತು. ಅಷ್ಟಕ್ಕೆ ಸಮಾಧಾನವಿಲ್ಲ.

"ಈಗ ಬ್ರೇಕು ಬಿಗೀರಿ ಸಾಹುಕಾರ್ರೇ. ನಾನು ಬಿಡು ಅಂದ ತಕ್ಷಣ ಕೋಲು ಬಿಡ್ಬೇಕು ಕಣಮ್ಮಾ."

"ಹೊಸ ಕೋಲು ನೆಲಕ್ಕೆ ಹಾಕ್ಲಾ? ಅಂಗಡಿಯವರು ನನ್ನನ್ನೇ ಗಾಳಕ್ಕೆ ಸಿಗಿಸ್ತಾರೆ ಅಷ್ಟೇ!"

"ಬಿಡು!"

ಅವಳು ಬಿಡಲಿಲ್ಲ. ಬೇಕೆಂದಲ್ಲ, ಜಗ್ಗಿದ್ದನ್ನು ಹಿಡಿದುಕೊಳ್ಳುವುದು ಕೈಯ ಬುದ್ಧಿ. ಎರಡು ಹೆಜ್ಜೆ ಜಾರಿ ಹೊಸ್ತಿಲಿಗೆ ಬಂದು ಎಡವಿದಳು, ನಕ್ಕಳು. ಬೀದಿಯಲ್ಲಿ ನಿಂತ ಅಪ್ಪನ ಮುಖ ಸುಣ್ಣದಂತಾಗಿತ್ತು. ಅದನ್ನು ಕಂಡ ಮೇಲೆ ಅವಳ ನಗು ನಿಂತಿತು.

"ಮತ್ತೆ," ಎಂದರು. ಮತ್ತೆ. ಮತ್ತೆ. ಆರನೆಯ ಸಲ ಕೋಲು ದಡಾರನೆ ನೆಲಕ್ಕೆ ಬಿತ್ತು. ಗೀರು ಬಿದ್ದ ಮಾಲನ್ನು ಗಿರಾಕಿ ಅಪ್ಪಿಕೊಂಡು ಹೋದದ್ದು ನನ್ನ ವ್ಯಾಪಾರದಲ್ಲಿ ಅದೊಂದೇ.

ಭಾನುವಾರ ದೋಣಿ ಸಂಜೆ ನಾಲ್ಕಕ್ಕೆ ವಾಪಸು ಬರಬೇಕಿತ್ತು. ನಾಲ್ಕೂವರೆಗೆ ಅವರು ನನ್ನ ಅಂಗಡಿಯ ಮುಂದೆ ನಿಂತಿದ್ದರು. "ನೀವೂ ಬನ್ನಿ," ಎಂದರು, ಅಷ್ಟೇ. ಬಂದರಿನ ಕಟ್ಟೆಯ ಮೇಲೆ ಅಂಚಿನಿಂದ ಹತ್ತು ಹೆಜ್ಜೆ ದೂರ ದೀಪದ ಕಂಬ ಅಪ್ಪಿಕೊಂಡು ನಿಂತರು. ಐದಾಯಿತು. ಎಂಜಿನ್ ಕೆಟ್ಟಿರಬೇಕು ಎಂದೆ. ಐದೂಕಾಲು. ಗಾಳಿ ಎದುರಿದೆ ಎಂದೆ. ಹೇಳಲು ಬೇರೆ ಸುಳ್ಳು ಹೊಳೆಯಲಿಲ್ಲ.

ಐದೂಮುಕ್ಕಾಲಿಗೆ ದೋಣಿ ಬಂತು. ಅವಳು ಮುಂದೆಯೇ ನಿಂತಿದ್ದಳು, ಬರಿಗೈಯಲ್ಲಿ.

"ಅಪ್ಪಾ, ಬೈಬೇಡ. ಕೋಲು ಹೋಯ್ತು. ಬಂದವರಲ್ಲಿ ಯಾರೋ ಕೈಯಾಡಿಸಿ ಬ್ರೇಕ್ ಬಿಗಿದಿಟ್ಟಿದ್ರು, ನಾನು ನೋಡ್ಲೇ ಇಲ್ಲ. ಒಂದೇ ಸಲ ಎಳೀತು. ಬಿಟ್ಬಿಟ್ಟೆ."

ಆ ಹತ್ತು ಹೆಜ್ಜೆಯನ್ನು ಅವರು ಹೇಗೆ ದಾಟಿದರೋ. ಅವಳ ಎರಡೂ ಕೈ ಹಿಡಿದು, ತಿರುಗಿಸಿ, ಬೆರಳು ಬೆರಳು ಮುಟ್ಟಿ ನೋಡಿದರು.

"ನಾಳೆ ಎಷ್ಟೊತ್ತಿಗೆ ಹೋಗ್ಬೇಕು?"

"ಆರು ಗಂಟೆಗೆ," ಎಂದಳು, ತಲೆ ತಗ್ಗಿಸಿ.

ಅಪ್ಪನ ಕಣ್ಣಿನಲ್ಲಿ ಭಯ ಒಂದು ಚೂರೂ ಇಳಿದಿರಲಿಲ್ಲ. ಅದನ್ನಿಟ್ಟುಕೊಂಡೇ ನನ್ನ ಕಡೆ ತಿರುಗಿದರು.

"ಸಾಹುಕಾರ್ರೇ, ಈಗ ಒಂದು ನಿಮಿಷ ಅಂಗಡಿ ತೆಗೀತೀರಾ?"