ಹೊಟ್ಟೆಯೊಳಗಿನ ಹದ್ದುಬಸ್ತು

ಮೂವತ್ತು ವರ್ಷ ಬೇರೆಯವರ ಜಮೀನು ಅಳೆದ ಸರ್ವೆಯರು ನಾನು. ನಾಗಮಂಗಲ, ಪಾಂಡವಪುರ, ಕೆ.ಆರ್.ಪೇಟೆ ಎನ್ನದೆ ಕಂಡವರ ಬದುಗಳ ಮೇಲೆಲ್ಲ ಸರ್ಕಾರಿ ಸರಪಳಿ ಎಳೆಸಿದ್ದೇನೆ. ಈಗ ಆರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ, ಅಂಗಿ ಮೇಲೆತ್ತಿ ಮಲಗಿ, ಇನ್ನೊಬ್ಬರಿಂದ ಅಳೆಸಿಕೊಂಡು ಬರುತ್ತೇನೆ. ನಿಜ ಹೇಳಬೇಕೆಂದರೆ ಅಳೆಯುವುದಕ್ಕಿಂತ ಅಳೆಸಿಕೊಳ್ಳುವುದರಲ್ಲೇ ಸುಸ್ತು ಜಾಸ್ತಿ.

ಕಿಡ್ನಿಯಲ್ಲಿ ಕಲ್ಲಿದೆಯೇನೋ ಎಂದು ಸ್ಕ್ಯಾನ್ ಮಾಡಿಸಿದಾಗ ಕಲ್ಲು ಸಿಗಲಿಲ್ಲ, ಇದು ಸಿಕ್ಕಿತು. ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಒಂದು ಕಡೆ ಉಬ್ಬಿದೆಯಂತೆ. ಹಳೇ ಸೈಕಲ್ ಟ್ಯೂಬು ಸವೆದ ಕಡೆ ಉಬ್ಬುವುದಿಲ್ಲವೇ, ಹಾಗೆ ಎಂದರು ಡಾಕ್ಟರು. ಮೂರೂ ಮುಕ್ಕಾಲು ಸೆಂಟಿಮೀಟರು. ಇನ್ನೂ ಚಿಕ್ಕದು, ಈಗಲೇ ಆಪರೇಷನ್ ಬೇಡ, ನೋಡುತ್ತಾ ಇರೋಣ ಎಂದರು. ಕೆಲವರದು ವರ್ಷಗಟ್ಟಲೆ ಇದ್ದಷ್ಟೇ ಇರುತ್ತದಂತೆ. ಬೀಡಿ ಸೇದುವವರದು ಬೇಗ ಬೆಳೆಯುತ್ತದಂತೆ, ಬಿ.ಪಿ. ಏರಿದರೂ ಒಳ್ಳೆಯದಲ್ಲವಂತೆ. ಬೆಳೆದಷ್ಟೂ ಒಡೆಯುವ ಭಯ. ನನಗೆ ಬೀಡಿಯೂ ಇತ್ತು, ಬಿ.ಪಿ.ಯೂ ಇತ್ತು.

ಅಂದಿನಿಂದ ಬೀಡಿ ಕಡಿಮೆ ಮಾಡಿದೆ, ಅಂದರೆ ಹೆಂಡತಿಯ ಕಣ್ಣಿಗೆ ಬೀಳುವಲ್ಲಿ ಕಡಿಮೆ ಮಾಡಿದೆ. ಎರಡನೇ ಅಳತೆಯಲ್ಲಿ ಅದು ನಾಲ್ಕು ದಾಟಿತ್ತು. ಆಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು, 'ಇನ್ನೊಂದು ಸಲ ಅಳೆಯಿರಿ ಸ್ವಾಮಿ, ಒಂಚೂರು ಕಮ್ಮಿ ಬರಬಹುದು' ಎಂದೆ. ಸರ್ವೆಗೆ ಹೋದಲ್ಲೆಲ್ಲ ರೈತರು ಎಳನೀರು ಕೊಟ್ಟು ನನ್ನನ್ನು ಬೇಡಿಕೊಳ್ಳುತ್ತಿದ್ದದ್ದು ಇದೇ ದನಿಯಲ್ಲಿ. ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ, ನಿಮ್ಮ ತಂದೆ ಹೇಗೆ ತೀರಿಕೊಂಡರು ಎಂದು ಕೇಳಿದರು.

ಅಪ್ಪ ಬಿಂಡಿಗನವಿಲೆಯ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದವರು ಹೊಟ್ಟೆ, ಬೆನ್ನು ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ. ವಾಯು ಎಂದರು ಊರಿನವರು, ನಾವೂ ಹಾಗೇ ನಂಬಿದ್ದೆವು. ಡಾಕ್ಟರು ತಲೆ ಆಡಿಸಿ, ಇದು ಒಂದೇ ಮನೆಯವರಲ್ಲಿ ಕಾಣಿಸಿಕೊಳ್ಳುವುದುಂಟು, ಅಣ್ಣತಮ್ಮಂದಿರಿದ್ದರೆ ಕರೆತನ್ನಿ ಎಂದರು.

ಇರುವವನು ಒಬ್ಬನೇ ತಮ್ಮ. ಎಂಟು ವರ್ಷದಿಂದ ಮಾತಿಲ್ಲ. ಭಾಗ ಆಗುವಾಗ ಹೊರಗಿನ ಸರ್ವೆಯರನ್ನು ಕರೆಸೋಣ ಎಂದಿದ್ದ. ಮನೆಯಲ್ಲೇ ಸರ್ವೆಯರಿರುವಾಗ ಹೊರಗಿನವನು ಯಾಕೆ ಎಂದು ನಾನೇ ಅಳೆದೆ. ಎರಡು ಗುಂಟೆ ಹೆಚ್ಚಿಗೆ ನನ್ನ ಕಡೆಗೆ ಬಂತು. ನಿನ್ನ ಭಾಗ ಅಳೆಯುವಾಗ ನೀನು ಸರಪಳಿ ಎಳೆದು ಹಿಡಿದೆ ಎಂದ ಅವನು. ಹಿಡಿದಿದ್ದೆನೋ ಇಲ್ಲವೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಪಾಂಡವಪುರದ ಮನೆಯಲ್ಲಿ ಒಂದು ವಾರ ಸುಮ್ಮನೆ ಕೂತೆ. ಹೋಗಿ ಹೇಳಲು ಸಂಕೋಚ, ಹೇಳದಿರಲು ಭಯ. ಈ ನಡುವೆ ಬಿ.ಪಿ. ಏರಿತೇ ಹೊರತು ಇಳಿಯಲಿಲ್ಲ. ಕೊನೆಗೆ ಹೆಂಡತಿಯೇ, "ನಿಮ್ ಸರಪಳಿ ಜಗಳಕ್ಕೆ ಅವ್ನ ಜೀವ ಯಾಕೆ ಬಲಿ ಕೊಡ್ತೀರಿ? ಓಗಿ ಏಳ್ಬುಟ್ಟು ಬನ್ನಿ" ಎಂದಳು. ಅವತ್ತು ಬೀಡಿ ಕಟ್ಟನ್ನು ಒಲೆಗೆ ಹಾಕಿ ಬಿಂಡಿಗನವಿಲೆಯ ಬಸ್ಸು ಹತ್ತಿದೆ. ನಾನು ಸೇದುತ್ತಾ ಅವನಿಗೆ ಬುದ್ಧಿ ಹೇಳುವುದು ಹೇಗೆ?

ತಮ್ಮ ಕುರಿಗಳಿಗೆ ಸೊಪ್ಪು ಹಾಕುತ್ತಾ ಎಲ್ಲ ಕೇಳಿಸಿಕೊಂಡ. ಅಪ್ಪನ ಮಾತು ಬಂದಾಗ ಮಾತ್ರ ಕೈ ನಿಂತಿತು. ಕೊನೆಗೆ, ಅಳೆಯುವವನು ನಾನಲ್ಲ ತಾನೇ ಎಂದು ಖಚಿತ ಮಾಡಿಕೊಂಡು ಒಪ್ಪಿದ.

ಮೈಸೂರಿನಲ್ಲಿ ಅವನನ್ನು ಒಳಗೆ ಕಳಿಸಿ ಬೆಂಚಿನ ಮೇಲೆ ಕೂತಾಗ ನನ್ನ ಉಬ್ಬು ಮರೆತೇಹೋಗಿತ್ತು. ಅವನದು ಚಿಕ್ಕದಾಗಿ ಬರಲಿ ಎಂದು, ಇಡೀ ಸರ್ವೀಸಿನಲ್ಲಿ ಯಾರ ಪರವಾಗಿಯೂ ಬೇಡದಷ್ಟು ಬೇಡಿಕೊಂಡೆ. ಅವನ ನಾಳ ಸರಿಯಾಗಿತ್ತು. ಏನೂ ಇಲ್ಲ ಎಂದರು.

ವಾಪಸು ಬರುತ್ತಾ ಶ್ರೀರಂಗಪಟ್ಟಣದಲ್ಲಿ ಇಳಿದು ಕಾಫಿ ಕುಡಿದೆವು. ತಮ್ಮ ಲೋಟ ಕೆಳಗಿಟ್ಟು ನನ್ನ ಹೊಟ್ಟೆಯನ್ನೇ ನೋಡುತ್ತಾ ಹೇಳಿದ: "ಅಪ್ಪಂದು ಇದ್ರಲ್ಲೂ ಎಚ್ಗೆ ಬಾಗ ನೀನೇ ಮಡಿಕ್ಕಂಡ್ಯಲ್ಲಣ್ಣ."

ಎಂಟು ವರ್ಷದ ಮೇಲೆ ಅಣ್ಣ ಎಂದಿದ್ದ. ನಗೋಣ ಎಂದುಕೊಂಡೆ, ಕಣ್ಣು ತುಂಬಿಬಂತು.

ಆ ಎರಡು ಗುಂಟೆಯನ್ನು ಅವನ ಹೆಸರಿಗೆ ಮಾಡಿಸಿಕೊಟ್ಟಿದ್ದೇನೆ. ಹೊಟ್ಟೆಯೊಳಗಿನ ಇದೊಂದು ಭಾಗ ಮಾತ್ರ, ಅಳೆಸಿಕೊಂಡು ಎಷ್ಟೇ ಸುಸ್ತಾಗಲಿ, ನನ್ನ ಹೆಸರಿನಲ್ಲೇ ಇರಲಿ.